ಔಷಧಿ ಹೊಡೆಯುವಾಗ ತಲೆಸುತ್ತು: ಬಿಸಿಲೋ, ವಿಷವೋ?

ಪಂಪು ಹೊತ್ತು ಔಷಧಿ ಹೊಡೆಯುತ್ತಿದ್ದವರಿಗೆ ಮಧ್ಯಾಹ್ನ ತಲೆ ಸುತ್ತಿದರೆ ನಾವೇನಂತೀವಿ? "ಬಿಸಿಲು ಜಾಸ್ತಿ ಆಯ್ತು, ಮಜ್ಜಿಗೆ ಕುಡಿದು ನೆರಳಲ್ಲಿ ಮಲಗು" ಅಂತೀವಿ. ಹಾಗೆ ಕಳೆದುಹೋಗುವ ಒಂದೆರಡು ತಾಸೇ ಜೀವಕ್ಕೆ ಮುಳುವಾಗಬಹುದು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆದು ವಿಷವೇರಿ 20ಕ್ಕೂ ಹೆಚ್ಚು ಜನ ಸತ್ತರು. ಅವರು ಔಷಧಿ ಕುಡಿದವರಲ್ಲ, ಹೊಡೆದವರು. ವಿಷ ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋಗುತ್ತದೆ.

ತಲೆನೋವು, ವಾಂತಿ, ಬೆವರು, ಸುಸ್ತು ಬಿಸಿಲಿಗೂ ಬರುತ್ತೆ, ವಿಷಕ್ಕೂ ಬರುತ್ತೆ. ಹಾಗಾದರೆ ಗುರುತಿಸೋದು ಹೇಗೆ? ಬಾಯಿ ನೋಡಿ. ಬಿಸಿಲಿನ ಬಳಲಿಕೆಯಲ್ಲಿ ಸಾಮಾನ್ಯವಾಗಿ ಬಾಯಿ ಒಣಗುತ್ತದೆ. ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್‌ನಂಥ ಔಷಧಿ ಮೈಗೇರಿದರೆ ಜೊಲ್ಲು ಸುರಿಯುತ್ತದೆ, ಕಣ್ಣು ಮೂಗಲ್ಲಿ ನೀರು ಇಳಿಯುತ್ತದೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ದೃಷ್ಟಿ ಮಂಜಾಗುತ್ತದೆ. ತೋಳು, ತೊಡೆಯ ಮಾಂಸ ತಾನಾಗಿಯೇ ಅದುರುತ್ತದೆ. ಎದೆ ಬಿಗಿದು ಉಸಿರು ಗೊರಗೊರ ಅಂದರೆ ಅಪಾಯ ಹತ್ತಿರ ಬಂತು ಅಂತಲೇ ಅರ್ಥ. ಇವೆಲ್ಲ ಒಟ್ಟಿಗೇ ಕಾಣಬೇಕು ಅಂತೇನಿಲ್ಲ. ಅನುಮಾನ ಬಂದರೆ ವಿಷ ಅಂತಲೇ ತಿಳಿದು ಹೊರಡಿ. ಬಿಸಿಲಿಗೆ ಬಿದ್ದವರೂ ಏನೇನೋ ಮಾತಾಡತೊಡಗಿದರೆ ಆಸ್ಪತ್ರೆಗೇ ಹೋಗಬೇಕಲ್ಲ.

ಮೊದಲು ಅವರನ್ನು ಹೊಲದಿಂದ ಗಾಳಿಯಾಡುವ ಕಡೆ ತನ್ನಿ, 108ಕ್ಕೆ ಫೋನ್ ಮಾಡಿಸಿ. ಗಾಡಿ ಬರುವಷ್ಟರಲ್ಲಿ ಒದ್ದೆ ಬಟ್ಟೆ ಪೂರ್ತಿ ಬಿಚ್ಚಿ, ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ತಲೆಗೂದಲು, ಉಗುರು ಸಂದಿ ಮರೆಯಬೇಡಿ. ಕಣ್ಣಿಗೆ ಬಿದ್ದಿದ್ದರೆ ಬರೀ ನೀರಿನಿಂದ 15 ನಿಮಿಷ ತೊಳೆಯಿರಿ. ತೊಳೆಯುವವರು ರಬ್ಬರ್ ಕೈಗವಸು ಹಾಕಿ, ಇಲ್ಲವಾದರೆ ಕೈಗೆ ಪ್ಲಾಸ್ಟಿಕ್ ಚೀಲ ಆದರೂ ಸುತ್ತಿಕೊಳ್ಳಿ. ಪ್ರಜ್ಞೆ ತಪ್ಪಿದರೆ ಎಡ ಮಗ್ಗುಲಿಗೆ ಮಲಗಿಸಿ. ಹಾಲು, ಎಣ್ಣೆ, ಉಪ್ಪುನೀರು ಯಾವುದೂ ಬೇಡ. ವಾಂತಿ ಮಾಡಿಸಲೂ ಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ.

ಔಷಧಿ ಬಾಟಲಿಯನ್ನು ಮಾತ್ರ ಮರೆಯದೆ ಒಯ್ಯಿರಿ. ಮೇಲೆ ಹೇಳಿದ ವಿಷಕ್ಕೆ ವೈದ್ಯರು ಅಟ್ರೋಪಿನ್ ಇಂಜೆಕ್ಷನ್ ಕೊಡುತ್ತಾರೆ. ಎಲ್ಲ ಔಷಧಿಗೂ ಅದೇ ಮದ್ದಲ್ಲ. ಕಳೆನಾಶಕ ಪ್ಯಾರಾಕ್ವಾಟ್‌ಗಂತೂ ಪ್ರತಿವಿಷವೇ ಇಲ್ಲ. ಅದಕ್ಕೇ ಲೇಬಲ್ ಬೇಕು. ಕೆಂಪು ತ್ರಿಕೋನ ಇದ್ದರೆ ಮಾತ್ರ ವಿಷ ಅನ್ನೋ ಮಾತು ನಮ್ಮಲ್ಲಿದೆ, ಹಳದಿ ತ್ರಿಕೋನವೂ ಹೆಚ್ಚು ವಿಷದ ಗುರುತೇ.

ಒಂದೇ ದಿನಕ್ಕೆ ಎದ್ದು ಕೂತರು ಅಂತ ಮನೆಗೆ ಕರಕೊಂಡು ಬರಬೇಡಿ. ಕೆಲವರಿಗೆ 1ರಿಂದ 4 ದಿನದೊಳಗೆ ಕತ್ತು ಎತ್ತಲಾಗದಷ್ಟು ನಿಶ್ಶಕ್ತಿ ಬಂದು ಉಸಿರು ಮತ್ತೆ ಸೋಲುತ್ತದೆ. ವೈದ್ಯರು ಬಿಡುವವರೆಗೂ ಅಲ್ಲೇ ಇರಲಿ.