ಮೊಣಕಾಲಿಗೆ ಜಾಗ ಬಿಟ್ಟ ಮೇಜು

ಟೋಕಿಯೊದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಎಲ್ಲರೂ ನೋಡುವ ಜಾಗಗಳನ್ನು ನಾನೂ ನೋಡಿ ಮುಗಿಸಿದ್ದೆ. ಗೋಪುರ ಹತ್ತಿದ್ದಾಯಿತು, ದೇವಸ್ಥಾನ ಸುತ್ತಿದ್ದಾಯಿತು. ಸೆಪ್ಟೆಂಬರಿನ ಒಂದು ಶನಿವಾರ ಮಗಳು, "ಅಮ್ಮಾ, ಇವತ್ತು ಒಬ್ಬ ಕವಿಯ ಮನೆಗೆ ಹೋಗೋಣ್ವಾ? ತುಂಬಾ ಚಿಕ್ಕದು, ಅರ್ಧ ಗಂಟೆ ಸಾಕು" ಅಂದಳು. ಅರ್ಧ ಗಂಟೆ ಅಂತ ಹೋದವರು ಅಲ್ಲಿಂದ ಏಳುವಾಗ ಎರಡು ಗಂಟೆ ದಾಟಿತ್ತು.

ಉಗುಯಿಸುದಾನಿ ಸ್ಟೇಷನ್ನಿನಲ್ಲಿ ಇಳಿದು ಐದಾರು ನಿಮಿಷ ನಡೆದರೆ ನೆಗಿಶಿ ಎಂಬ ಬಡಾವಣೆ. ಲಾಡ್ಜುಗಳ ಸಾಲು ದಾಟಿ ಗಲ್ಲಿಯೊಳಗೆ ತಿರುಗಿದರೆ ಒಂದಂತಸ್ತಿನ ಮರದ ಮನೆ. ಅದೇ 'ಶಿಕಿ-ಆನ್', ಅಂದರೆ ಶಿಕಿಯ ಕುಟೀರ. ಹಾಯ್ಕುವಿಗೆ ಇಂದಿನ ರೂಪ ಕೊಟ್ಟ ಮಾಸಾವೊಕಾ ಶಿಕಿ ತನ್ನ ಬದುಕಿನ ಕೊನೆಯ ಎಂಟು ವರ್ಷ ಇದ್ದ ಮನೆ ಇದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಚಾಪೆ ಹಾಸಿದ ಕೋಣೆ. ಅಲ್ಲೊಂದು ಗಿಡ್ಡ ಮೇಜು. ನಾವು ನೆಲದ ಮೇಲೆ ಕೂತು ಬರೆಯುತ್ತಿದ್ದ ಮಣೆಯಂಥದ್ದೇ. ಆದರೆ ಅದರ ಅಂಚಿನಲ್ಲಿ ಒಂದು ಕಡೆ ಮರವನ್ನು ಚೌಕವಾಗಿ ಕತ್ತರಿಸಿ ತೆಗೆದಿದ್ದಾರೆ. ಮುರಿದುಹೋಗಿದೆಯೇನೋ ಅಂದುಕೊಂಡೆ.

"ಮುರಿದಿದ್ದಲ್ಲಮ್ಮ, ಬೇಕಂತಲೇ ಕತ್ತರಿಸಿದ್ದು. ಅವನಿಗೆ ಎಡಗಾಲು ಚಾಚೋಕೆ ಆಗ್ತಿರಲಿಲ್ಲ. ಮಡಿಸಿದ ಮೊಣಕಾಲು ಎದ್ದು ನಿಲ್ಲೋದಕ್ಕೆ ಜಾಗ" ಅಂದಳು ಮಗಳು. ಅಲ್ಲೇ ಕೂತುಬಿಟ್ಟೆ.

ಎದ್ದು ನಿಲ್ಲಲಾಗದ ಕವಿ

ಶಿಕಿ ಹುಟ್ಟಿದ್ದು 1867ರಲ್ಲಿ, ಶಿಕೊಕು ದ್ವೀಪದ ಮಾತ್ಸುಯಾಮಾ ಊರಿನ ಸಮುರಾಯ್ ಮನೆತನದಲ್ಲಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ನೊಬೊರು. ಚಿಕ್ಕ ವಯಸ್ಸಿಗೇ ತಂದೆ ತೀರಿಕೊಂಡರು. ತಾಯಿ ಯಾಯೆ ಹೊಲಿಗೆ ಹೇಳಿಕೊಟ್ಟು ಮಗ ಮತ್ತು ಮಗಳನ್ನು ಸಾಕಿದರು. ಮಗಳು ರಿತ್ಸು, ಅಣ್ಣನಿಗಿಂತ ಮೂರು ವರ್ಷ ಚಿಕ್ಕವಳು. ಹುಡುಗ ಪುಕ್ಕಲು. ಬೇರೆ ಮಕ್ಕಳು ಹೊಡೆದರೆ ಅಳುತ್ತಾ ಮನೆಗೆ ಬರುವವನು. ಅಣ್ಣನ ಪರವಾಗಿ ಕಲ್ಲು ಬೀರಿ ಸೇಡು ತೀರಿಸುತ್ತಿದ್ದವಳು ತಂಗಿ ಎಂದು ತಾಯಿ ನೆನಪಿಸಿಕೊಂಡಿದ್ದಾರೆ.

ಓದಲು ಟೋಕಿಯೊಗೆ ಬಂದ ಹುಡುಗ 1889ರಲ್ಲಿ ರಕ್ತ ಕಾರಿದ. ಕ್ಷಯ. ಆಗಲೇ ಅವನು 'ಶಿಕಿ' ಎಂಬ ಹೆಸರು ಇಟ್ಟುಕೊಂಡದ್ದು. ಅದು ಕೋಗಿಲೆ ಜಾತಿಯ ಒಂದು ಹಕ್ಕಿಯ ಹೆಸರು. ರಕ್ತ ಕಾರುವವರೆಗೂ ಹಾಡುತ್ತದೆ ಎಂದು ಅಲ್ಲಿನ ಜನ ಹೇಳುವ ಹಕ್ಕಿ. ಖಾಯಿಲೆಯನ್ನೇ ಕಾವ್ಯನಾಮ ಮಾಡಿಕೊಂಡವನನ್ನು ಏನನ್ನೋಣ ಹೇಳಿ!

ಯೂನಿವರ್ಸಿಟಿ ಬಿಟ್ಟು 'ನಿಪ್ಪೊನ್' ಪತ್ರಿಕೆ ಸೇರಿದ. ತಾಯಿ, ತಂಗಿ ಇಬ್ಬರೂ ಊರು ಬಿಟ್ಟು ಅವನ ಜೊತೆಗೆ ಬಂದು ನಿಂತರು. 1894ರಲ್ಲಿ ಈ ಮನೆಗೆ ಬಂದರು. ಮರುವರ್ಷ ಚೀನಾ ಯುದ್ಧದ ವರದಿಗೆಂದು ಹೋದವನು ವಾಪಸು ಬರುವ ಹಡಗಿನಲ್ಲೇ ಮತ್ತೆ ರಕ್ತ ಕಾರಿದ. ಕ್ಷಯ ಬೆನ್ನುಮೂಳೆಗೆ ಇಳಿಯಿತು. ಆಮೇಲೆ ನಿಧಾನಕ್ಕೆ ಹಾಸಿಗೆಯೇ ಅವನ ಜಗತ್ತಾಯಿತು.

ಆ ಹಾಸಿಗೆಯಿಂದಲೇ ಅವನು ಹಾಯ್ಕುವನ್ನು ಬದಲಾಯಿಸಿದ. ಸರಪಳಿ ಪದ್ಯದ ಮೊದಲ ತುಣುಕಾಗಿದ್ದ ಸಾಲುಗಳು ಸ್ವತಂತ್ರ ಕವಿತೆಯಾಗಿ, 'ಹಾಯ್ಕು' ಎಂಬ ಹೆಸರಿನಲ್ಲಿ ನೆಲೆಯಾದದ್ದು ಅವನಿಂದ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆಯಿರಿ, ಚಿತ್ರಗಾರ ಎದುರಿಗಿರುವುದನ್ನು ನೋಡಿ ಗೆರೆ ಎಳೆದಂತೆ ಎಂಬುದು ಅವನ ಪಾಠ. ಬರೆದ ಹಾಯ್ಕುಗಳೇ 20,000ಕ್ಕೂ ಹೆಚ್ಚು. ಇವತ್ತು ನಮ್ಮಲ್ಲಿ ಹಾಯ್ಕು ಬರೆಯುವವರಿಗೂ ಅವನ ಋಣ ಒಂದಿಷ್ಟು ಇದೆ.

ಗಾಜಿನ ಬಾಗಿಲು, ಹೀರೆಯ ಚಪ್ಪರ

ಕೋಣೆ ಆರು ಚಾಪೆಯಷ್ಟು ಅಗಲ. ಹಾಸಿಗೆಯಿಂದ ನೋಡಿದರೆ ಎದುರಿಗೆ ಗಾಜಿನ ಬಾಗಿಲು, ಅದರಾಚೆ ಪುಟ್ಟ ತೋಟ. ಮೊದಲು ಅಲ್ಲಿದ್ದದ್ದು ಜಪಾನಿ ಮನೆಗಳಲ್ಲಿ ಇರುವ ಕಾಗದದ ಬಾಗಿಲು. ಚಳಿಗೆ ಮುಚ್ಚಿದರೆ ಹೊರಗಿನದೇನೂ ಕಾಣದು. 1899ರ ಡಿಸೆಂಬರಿನಲ್ಲಿ ಶಿಷ್ಯ ತಾಕಾಹಾಮಾ ಕ್ಯೋಶಿ ಮುಂದೆ ನಿಂತು ಗಾಜು ಹಾಕಿಸಿಕೊಟ್ಟ. ಆಗಿನ ಕಾಲಕ್ಕೆ ಅದು ದುಬಾರಿ ಉಡುಗೊರೆ. ಅಂದಿನಿಂದ ಶಿಕಿಗೆ ಮಲಗಿದಲ್ಲೇ ಹಿಮ, ಹಕ್ಕಿ, ಕೋಳಿಜುಟ್ಟಿನ ಹೂ ಎಲ್ಲ ಕಂಡವು.

ತೋಟದಲ್ಲಿ ಚಪ್ಪರದಿಂದ ನೇತಾಡುತ್ತಿದ್ದದ್ದನ್ನು ನೋಡಿ ನಾನು, "ಅಯ್ಯೋ, ಇದು ನಮ್ಮ ತುಪ್ಪದ ಹೀರೆಕಾಯಿ ಅಲ್ವೇನೇ!" ಅಂತ ಜೋರಾಗಿಯೇ ಅಂದುಬಿಟ್ಟೆ. ಪಕ್ಕದಲ್ಲಿದ್ದ ಜಪಾನಿ ಅಜ್ಜಿ ನಕ್ಕರು. ನಾವು ಎಳೆಯದನ್ನು ಪಲ್ಯ ಮಾಡುತ್ತೇವೆ, ಬಲಿತು ಒಣಗಿದರೆ ನಾರು ತೆಗೆದು ಮೈ ಉಜ್ಜುತ್ತೇವೆ. ಅವರ ಬಾಯಲ್ಲಿ ಅದು 'ಹೆಚಿಮಾ'. ಬಳ್ಳಿಯ ಕಾಂಡ ಕೊಯ್ದು ತೊಟ್ಟಿಕ್ಕುವ ನೀರನ್ನು ಕಫಕ್ಕೆ ಔಷಧಿ ಎಂದು ಕುಡಿಸುತ್ತಿದ್ದರು. ಶಿಕಿಗಾಗಿ ಬಳ್ಳಿ ಹಬ್ಬಿಸಿದ್ದೂ ಅದಕ್ಕೇ. ಅವನು ತೀರಿಕೊಂಡ ಸೆಪ್ಟೆಂಬರ್ 19ನ್ನು ಇಂದಿಗೂ 'ಹೆಚಿಮಾ-ಕಿ' ಅನ್ನುತ್ತಾರೆ. ಹೀರೆಕಾಯಿಯ ಹೆಸರಿನ ಪುಣ್ಯತಿಥಿ! ಆ ತಿಂಗಳು ಮನೆಯಲ್ಲಿ ವಿಶೇಷ ಪ್ರದರ್ಶನ ಇರುತ್ತದೆ.

ಡೈರಿಯಲ್ಲಿ ಸಿಕ್ಕ ತಂಗಿ

ಇಲ್ಲಿಯವರೆಗೆ ನನಗೆ ಇದು ಒಬ್ಬ ಕವಿಯ ಕಥೆ. ಆದರೆ ಆ ಪುಟ್ಟ ಕೋಣೆಯಲ್ಲಿ ಕೂತಷ್ಟು ಹೊತ್ತೂ ನನ್ನ ತಲೆಯಲ್ಲಿ ಇನ್ನೊಂದೇ ಪ್ರಶ್ನೆ. ಇವನನ್ನು ಹೊರಳಿಸಿದ್ದು ಯಾರು? ಹಾಸಿಗೆ ಒಗೆದದ್ದು ಯಾರು?

ಬೆನ್ನು, ಸೊಂಟದಲ್ಲಿ ಹುಣ್ಣುಗಳಾಗಿ ಕೀವು ಸುರಿಯುತ್ತಿತ್ತು. ದಿನಾ ಬ್ಯಾಂಡೇಜು ಬದಲಾಯಿಸಬೇಕು. ಮುಟ್ಟಿದರೆ ಕಿರುಚುತ್ತಿದ್ದ. ಆ ಕೆಲಸ ರಿತ್ಸುವಿನದು. ಎರಡು ಸಲ ಮದುವೆಯಾಗಿ, ಎರಡೂ ಬೇಗನೆ ಮುರಿದು, ತೌರಿಗೆ ಬಂದವಳು. ಅಡುಗೆ, ಒಗೆತ, ಹೊಲಿಗೆ, ಅಣ್ಣನ ಪುಸ್ತಕ ಹುಡುಕಿಕೊಡುವುದು, ಬರಹವನ್ನು ನಕಲು ಮಾಡುವುದು ಎಲ್ಲ ಅವಳೇ.

1901ರ ಖಾಸಗಿ ಡೈರಿಯಲ್ಲಿ ಶಿಕಿ ಮೂರು ಹೊತ್ತು ತಿಂದದ್ದನ್ನು ಬಿಡದೆ ಬರೆದಿಟ್ಟಿದ್ದಾನೆ. ಹಸಿ ಮೀನಿನ ಹೋಳು, ಬಟ್ಟಲುಗಟ್ಟಲೆ ಗಂಜಿ, ಕೋಕೋ ಬೆರೆಸಿದ ಹಾಲು, ಬನ್ನು, ಪೇರು, ಪರ್ಸಿಮನ್ ಹಣ್ಣು. ಅದೇ ಮನೆಯ ಹೆಂಗಸರಿಬ್ಬರು ತಿನ್ನುತ್ತಿದ್ದದ್ದು ಬಹಳ ಸಾದಾ ಊಟ. ಅದೂ ಅವನಿಗೆ ಗೊತ್ತಿತ್ತು, ಬರೆದಿದ್ದಾನೆ.

ಅದೇ ಡೈರಿಯಲ್ಲಿ ತಂಗಿಯ ಮೇಲೆ ದೂರು. ಹೇಳಿದಷ್ಟು ಮಾಡುತ್ತಾಳೆ, ಮನಸ್ಸು ಅರಿತು ಮಾಡುವುದಿಲ್ಲ, ಕಲ್ಲಿನಂಥವಳು ಎಂದು ಬೈದುಕೊಳ್ಳುತ್ತಾನೆ. ಓದುವಾಗ ಸಿಟ್ಟು ಬರುತ್ತದೆ. ಆದರೆ ಮತ್ತೆ ಅವನೇ ಒಪ್ಪಿಕೊಳ್ಳುತ್ತಾನೆ. ನರ್ಸೂ ಅವಳೇ, ಕೆಲಸದವಳೂ ಅವಳೇ, ಕಾರ್ಯದರ್ಶಿಯೂ ಅವಳೇ. ಅವಳು ಒಂದು ದಿನ ಇಲ್ಲದಿದ್ದರೆ ಈ ಮನೆಯ ಚಕ್ರ ತಿರುಗುವುದಿಲ್ಲ, ತಾನೂ ಬದುಕುವುದಿಲ್ಲ ಎಂಬ ಅರ್ಥದ ಮಾತು. ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆಲ್ಲ ಈ ಎರಡೂ ಮಾತು ಗೊತ್ತು. ಒಂದೇ ಬಾಯಿಂದ, ಒಂದೇ ದಿನ ಕೇಳಿರುತ್ತೀರಿ.

ಅಕ್ಟೋಬರ್ 13ರ ಪುಟ ಇನ್ನೂ ಕಷ್ಟದ್ದು. ರಿತ್ಸು ಸ್ನಾನಕ್ಕೆ ಹೋಗಿದ್ದಳು, ತಾಯಿಯನ್ನು ಟೆಲಿಗ್ರಾಂ ಕೊಡಲು ಇವನೇ ಕಳಿಸಿದ್ದ. ಒಬ್ಬನೇ ಇದ್ದಾಗ ಶಾಯಿಕಲ್ಲಿನ ಹತ್ತಿರ ಇದ್ದ ಸಣ್ಣ ಚಾಕು, ದಬ್ಬಳ ಕಣ್ಣಿಗೆ ಬಿದ್ದವು. ಸತ್ತುಬಿಡೋಣವೆನಿಸಿತು. ಹೆದರಿಕೆ, ಆಸೆ ಎರಡರ ನಡುವೆ ಒದ್ದಾಡುತ್ತಿರುವಾಗ ತಾಯಿ ಬಂದರು. ಆಮೇಲೆ ಅವನು ಆ ಚಾಕು, ದಬ್ಬಳಗಳ ಚಿತ್ರವನ್ನು ಡೈರಿಯಲ್ಲಿ ಬಿಡಿಸಿಟ್ಟ.

1902ರ ಸೆಪ್ಟೆಂಬರ್ 18ರ ಬೆಳಿಗ್ಗೆ ರಿತ್ಸು ಕಾಗದ ಅಂಟಿಸಿದ ಹಲಗೆ ಹಿಡಿದಳು, ಗೆಳೆಯ ಹೆಕಿಗೊತೊ ಕುಂಚಕ್ಕೆ ಶಾಯಿ ಅದ್ದಿಕೊಟ್ಟ. ಶಿಕಿ ಮೂರು ಹಾಯ್ಕು ಬರೆದ. ಮೂರರಲ್ಲೂ ಹೀರೆ. ಆ ರಾತ್ರಿ ಕಳೆದು 19ರ ನಸುಕಿಗೆ ಮುಂಚೆಯೇ ಹೋದ, 34 ತುಂಬಿತ್ತು ಅಷ್ಟೆ. ಯಾರ ಮುಂದೂ ಅಳದ ತಾಯಿ, ಮಗನ ಭುಜ ಎತ್ತಿ ಸರಿಮಾಡುತ್ತಾ, ಎಲ್ಲಿ ಇನ್ನೊಂದು ಸಲ ನೋವು ಅಂತ ಹೇಳು ನೋಡೋಣ ಎಂದರಂತೆ. ಮಗಳು ಇದನ್ನು ಓದಿ ಹೇಳುವಾಗ ಅವಳ ಧ್ವನಿಯೂ ಸಣ್ಣಗಾಯಿತು.

ಮಾತ್ಸುಯಾಮಾದಲ್ಲಿ

ಇಷ್ಟು ಕೇಳಿದ ಮೇಲೆ ಅವನ ಊರನ್ನೂ ನೋಡಬೇಕೆನಿಸಿತು. ಮುಂದಿನ ವಾರ ರಜೆ ಸೇರಿಸಿಕೊಂಡು ವಿಮಾನದಲ್ಲಿ ಮಾತ್ಸುಯಾಮಾಗೆ ಹೋದೆವು. ಬಿಸಿನೀರಿನ ಬುಗ್ಗೆಗೆ ಹೆಸರಾದ ದೋಗೊದವರೆಗೆ ಟ್ರಾಮ್ ಇದೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ 1981ರಲ್ಲಿ ತೆರೆದ ಶಿಕಿ ಸ್ಮಾರಕ ಮ್ಯೂಸಿಯಂ. ನೆಗಿಶಿಯದು ಮನೆ, ಇದು ದೊಡ್ಡ ಸಂಸ್ಥೆ. ಊರಿನ ಇತಿಹಾಸದಿಂದ ಶುರುವಾಗಿ ಶಿಕಿಯ ಬಾಲ್ಯ, ಗೆಳೆಯರು, ಹಸ್ತಪ್ರತಿ, ಪತ್ರಗಳವರೆಗೆ ಕ್ರಮವಾಗಿ ಸಾಗುತ್ತದೆ.

ಇಲ್ಲಿನ ಶಿಕಿ ಓಡುವ ಹುಡುಗ. ವಿದ್ಯಾರ್ಥಿಯಾಗಿದ್ದಾಗ ಅವನಿಗೆ ಬೇಸ್‌ಬಾಲ್ ಹುಚ್ಚು. ಆ ಆಟದ ಹಲವು ಪದಗಳನ್ನು ಜಪಾನಿಗೆ ತಂದವನೂ ಅವನೇ. 2002ರಲ್ಲಿ ಜಪಾನಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. 1895ರಲ್ಲಿ ಗೆಳೆಯ ನಾತ್ಸುಮೆ ಸೊಸೆಕಿ, ಮುಂದೆ ದೊಡ್ಡ ಕಾದಂಬರಿಕಾರನಾದವನು, ಇದೇ ಊರಿನಲ್ಲಿ ಮೇಷ್ಟ್ರು. ಶಿಕಿ 52 ದಿನ ಅವನ ಬಾಡಿಗೆ ಮನೆಯಲ್ಲಿದ್ದ. ಆ ಮನೆಯ ಕೆಳಭಾಗವನ್ನು ಮ್ಯೂಸಿಯಂ ಒಳಗೇ ನಿಜ ಅಳತೆಯಲ್ಲಿ ಕಟ್ಟಿದ್ದಾರೆ. ಊರಿನಲ್ಲಿ ಅಲ್ಲಲ್ಲಿ ಹಾಯ್ಕು ಹಾಕುವ ಪೆಟ್ಟಿಗೆಗಳಿವೆ. ಯಾರು ಬೇಕಾದರೂ ಬರೆದು ಹಾಕಬಹುದು.

ಎರಡನ್ನೂ ನೋಡಿದ್ದು ಒಳ್ಳೆಯದಾಯಿತು. ಮಾತ್ಸುಯಾಮಾ ಕವಿ ಹೇಗೆ ದೊಡ್ಡವನಾದ ಅನ್ನುವುದನ್ನು ತೋರಿಸಿತು. ನೆಗಿಶಿ, ಅವನು ಹೇಗೆ ಬದುಕಿ ಉಳಿದ ಅನ್ನುವುದನ್ನು.

ಆಮೇಲೆ ರಿತ್ಸು

ಅಣ್ಣ ಹೋದ ಮೇಲೆ ರಿತ್ಸು ಏನಾದಳು? ನನಗೆ ಬೇಕಾಗಿದ್ದದ್ದು ಇದೇ. ಕೊನೆಯ ವರ್ಷ ಪತ್ರಿಕೆಯಲ್ಲಿ ಬರೆಯುತ್ತಿದ್ದ ಅಂಕಣದಲ್ಲಿ ಶಿಕಿ, ಹೆಣ್ಣುಮಕ್ಕಳಿಗೆ ಓದು ಬೇಕು ಎಂದು ವಾದಿಸಿದ್ದ. ರೋಗಿಯ ಮನಸ್ಸು ಅರಿಯಲೂ ಓದು ಬೇಕೆಂಬುದು ಅವನ ಲೆಕ್ಕ. ರಿತ್ಸು ಮಾತ್ರ ಓದಿದ್ದು ತನಗಾಗಿ. 1903ರಲ್ಲಿ, ಮೂವತ್ತು ದಾಟಿದ ಮೇಲೆ, ಹೆಣ್ಣುಮಕ್ಕಳ ವೃತ್ತಿಶಾಲೆ ಸೇರಿ ಹೊಲಿಗೆ ಕಲಿತಳು. ಅಲ್ಲೇ ಟೀಚರ್ ಆದಳು. ತಾಯಿಯನ್ನು 1927ರವರೆಗೆ ನೋಡಿಕೊಂಡಳು. ಅಣ್ಣನ ಕಾಗದಪತ್ರಗಳಲ್ಲಿ ಒಂದು ಚೂರನ್ನೂ ಬಿಸಾಡಲಿಲ್ಲ. 1923ರ ಭೂಕಂಪದಲ್ಲಿ ಜಖಂ ಆದ ಮನೆಯನ್ನು ಮತ್ತೆ ಕಟ್ಟಲಾಯಿತು. ಹಸ್ತಪ್ರತಿಗಳಿಗೆಂದು ಬೆಂಕಿ ತಾಗದ ಉಗ್ರಾಣವೂ ಬಂತು. ಮನೆಯನ್ನು ಕಾಯುವ ಸಂಘದ ಮೊದಲ ಮುಖ್ಯಸ್ಥೆ ಅವಳೇ.

1941ರಲ್ಲಿ ಅವಳು ತೀರಿಕೊಂಡಳು. 1945ರ ಬಾಂಬ್ ದಾಳಿಯಲ್ಲಿ ಮನೆ ಸುಟ್ಟುಹೋಯಿತು. ಉಗ್ರಾಣ ಉಳಿಯಿತು, ಕಾಗದಗಳೂ ಉಳಿದವು. ನಾವು ನೋಡಿದ್ದು 1950ರಲ್ಲಿ ಹಳೆಯದರಂತೆಯೇ ಕಟ್ಟಿದ ಮನೆ. ಅವಳು ಜೋಪಾನ ಮಾಡದೆ ಇದ್ದಿದ್ದರೆ ಪ್ರದರ್ಶನಕ್ಕೆ ಇಡಲು ಏನಿರುತ್ತಿತ್ತು?

ವಾಪಸು ಬರುವಾಗ ನನ್ನ ಸೋದರತ್ತೆ ನೆನಪಾದರು. ನಮ್ಮಜ್ಜ ಲಕ್ವ ಹೊಡೆದು ಒಂಬತ್ತು ವರ್ಷ ಮಲಗಿದ್ದಾಗ ನೋಡಿಕೊಂಡವರು ಅವರೇ. ಅಜ್ಜನ ದೊಡ್ಡ ಫೋಟೊ ಹಾರ ಹಾಕಿಸಿಕೊಂಡು ಹಾಲಿನಲ್ಲಿದೆ. ಅತ್ತೆಯದು ಯಾವುದೋ ಮದುವೆಯ ಗುಂಪು ಫೋಟೊದಲ್ಲಿ, ಹಿಂದಿನ ಸಾಲಿನಲ್ಲಿ, ಅರ್ಧ ಮುಖ. "ಊರಿಗೆ ಹೋದ ಮೇಲೆ ಅದನ್ನ ಸ್ಕ್ಯಾನ್ ಮಾಡಿ ಕಳಿಸಮ್ಮ, ದೊಡ್ಡದು ಮಾಡಿಸೋಣ" ಅಂದಳು ಮಗಳು.

ಟೋಕಿಯೊಗೆ ಹೋಗುವವರು ತೆರೆದಿರುವ ದಿನ ವಿಚಾರಿಸಿಕೊಂಡು ನೆಗಿಶಿಗೆ ಒಮ್ಮೆ ಹೋಗಿ. ಸೆಪ್ಟೆಂಬರಿನಲ್ಲಾದರೆ ಹೀರೆಯೂ ಕಾಣಸಿಗುತ್ತದೆ. ಮೇಜಿನ ಮುಂದೆ ಕೂತಾಗ ಕತ್ತರಿಸಿದ ಆ ಜಾಗವನ್ನು ನೋಡಿ. ಆಮೇಲೆ ಅಡುಗೆಮನೆ ಕಡೆಗೂ ಒಮ್ಮೆ ತಿರುಗಿ ನೋಡಿ.