ತನ್ನ ಬಸ್ಸನ್ನು ತಾನೇ ಕಟ್ಟಿದ ಕಂಪನಿ

ಪ್ರಶ್ನೆ: ಇಂಗ್ಲೆಂಡಿನ ‘ಮಿಡ್‌ಲ್ಯಾಂಡ್ ರೆಡ್’ ಬಸ್ ಕಂಪನಿಗೆ ಅಷ್ಟೊಂದು ಹೆಸರು ಬಂದದ್ದು ಹೇಗೆ?

ಉತ್ತರ: ಬರ್ಮಿಂಗ್‌ಹ್ಯಾಮಿನ ಸುತ್ತಲಿನ ಊರು-ಹಳ್ಳಿಗಳಿಗೆ ಅದು ಕೆಂಪು ಬಸ್ಸುಗಳನ್ನು ಓಡಿಸುತ್ತಿತ್ತು. ಆದರೆ ಹೆಸರು ತಂದದ್ದು ಅದರ ಕಾರ್ಖಾನೆ. 1920ರ ದಶಕದಿಂದ 1970ರವರೆಗೆ ಕಂಪನಿ ತನಗೆ ಬೇಕಾದ ಬಸ್ಸುಗಳನ್ನು ಬಹುಪಾಲು ತಾನೇ ತಯಾರಿಸಿಕೊಂಡಿತು. 1959ರ ನವೆಂಬರ್ 2ರಂದು ಎಂ-1 ಹೆದ್ದಾರಿ ತೆರೆಯಿತು. ಅಂದೇ ಕಂಪನಿ ತಾನೇ ಕಟ್ಟಿದ ಬಸ್ಸುಗಳಲ್ಲಿ ಬರ್ಮಿಂಗ್‌ಹ್ಯಾಮ್-ಲಂಡನ್ ವೇಗದೂತ ಸೇವೆ ಶುರು! ಟರ್ಬೋ ಎಂಜಿನ್ನು, ಕೆಲವು ಬಸ್ಸುಗಳಲ್ಲಿ ಶೌಚಾಲಯ ಕೂಡ. ಹೆದ್ದಾರಿಯಲ್ಲಿ ಆಗಿನ್ನೂ ವೇಗಮಿತಿಯೇ ಇರಲಿಲ್ಲ.

1969ರಲ್ಲಿ ಕಂಪನಿ ಸರ್ಕಾರಿ ಸ್ವಾಮ್ಯದ ನ್ಯಾಷನಲ್ ಬಸ್ ಕಂಪನಿಗೆ ಸೇರಿತು. 1973ರಲ್ಲಿ ಬರ್ಮಿಂಗ್‌ಹ್ಯಾಮ್ ಸುತ್ತಲಿನ ಮಾರ್ಗಗಳು ಕೈಬಿಟ್ಟು ಹೋದವು, 1981ರಲ್ಲಿ ಕಂಪನಿಯೇ ಹೋಳಾಯಿತು. ಇಂಥ ಕಸುಬುದಾರ ಸಂಸ್ಥೆಯನ್ನು ಒಡೆದದ್ದು ದೊಡ್ಡ ನಷ್ಟವೇ ಸರಿ. ಬರ್ಮಿಂಗ್‌ಹ್ಯಾಮ್ ಕಡೆ ಹೋದರೆ ವೈಥಾಲ್ ಸಾರಿಗೆ ವಸ್ತುಸಂಗ್ರಹಾಲಯದಲ್ಲಿ ಆ ಹಳೆಯ ಬಸ್ಸುಗಳನ್ನು ತಪ್ಪದೆ ನೋಡಿ ಬನ್ನಿ.