ಮದ್ದು ಅನುಸೂಚಿಯಲ್ಲಿದೆ, ಮಗು ಇಲ್ಲ

ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದವನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ: ಅನುಸೂಚಿಯಲ್ಲಿ ಹೆಸರಿಲ್ಲದ್ದು ಕಡತದ ಮಟ್ಟಿಗೆ ಲೋಕದಲ್ಲೇ ಇಲ್ಲ. ಅಂಗವಿಕಲರಿಗೆ ಸಂಬಂಧಿಸಿದ 1995ರ ಕಾಯ್ದೆಯಲ್ಲಿ 7 ಬಗೆಯ ನ್ಯೂನತೆಗಳಿದ್ದವು. 2016ರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆಟಿಸಂ ಬಂತು, ಕಲಿಕಾ ನ್ಯೂನತೆ ಬಂತು. ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಆ ಪಟ್ಟಿಯಲ್ಲಿ ಸೇರಲಿಲ್ಲ.

ಇದು ಹೊಸ ಕಾಲದ, ನಗರದ ಅನುಕೂಲಸ್ಥರ ಕಾಯಿಲೆ ಎನ್ನುವವರಿದ್ದಾರೆ. ಬ್ರಿಟನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂತಹ ಮಕ್ಕಳನ್ನು ಕುರಿತು ಲಂಡನ್ನಿನಲ್ಲಿ ಉಪನ್ಯಾಸ ನೀಡಿದ್ದು 1902ರಲ್ಲಿ. ನನಗಂತೂ ಅಷ್ಟು ದೂರದ ಸಾಕ್ಷ್ಯ ಬೇಕಿಲ್ಲ. ನನಗಿಂತ ಎರಡು ವರ್ಷ ಕಿರಿಯನಾದ ತಮ್ಮ 1970ರ ದಶಕದಲ್ಲಿ ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ ತರಗತಿಯೊಳಗೆ ಕುಳಿತದ್ದಕ್ಕಿಂತ ಬಾಗಿಲಾಚೆ ನಿಂತದ್ದೇ ಹೆಚ್ಚು. ಲೆಕ್ಕದ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವನ ಮನಸ್ಸು ಕಿಟಕಿಯಾಚೆಯ ಎತ್ತಿನಗಾಡಿಯನ್ನು ಹಿಂಬಾಲಿಸಿರುತ್ತಿತ್ತು. ಕಂಪಾಸ್ ಪೆಟ್ಟಿಗೆ ವರ್ಷಕ್ಕೆ ಮೂರು ಬೇಕು. ಬೆತ್ತ, ಹರಕೆ, ತಾಯತ ಎಲ್ಲವೂ ಆದವು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಬಾರಿ ನಪಾಸಾಗಿ ಲಾರಿ ಕ್ಲೀನರ್ ಆದ. ಮುಂದೆ ಹೆಸರಾಂತ ಮೆಕ್ಯಾನಿಕ್ ಎನಿಸಿಕೊಂಡ. ಎಂಜಿನ್ ಬಿಚ್ಚಿ ಕುಳಿತರೆ ಊಟದ ಹೊತ್ತೂ ಅವನಿಗೆ ತಿಳಿಯುತ್ತಿರಲಿಲ್ಲ. ಗಮನ ಇಲ್ಲವೆಂದಲ್ಲ, ಅದು ಹೇಳಿದ ಮಾತು ಕೇಳುವುದಿಲ್ಲ, ಅಷ್ಟೇ. ಇಂದಿಗೂ ಅವನು ‘ನಾನು ದಡ್ಡ, ಆದರೂ ಹೇಳ್ತೀನಿ’ ಎಂದೇ ಮಾತು ಆರಂಭಿಸುತ್ತಾನೆ.

ಈ ತೊಂದರೆಯಲ್ಲಿ ಆನುವಂಶಿಕತೆಯ ಪಾತ್ರ ದೊಡ್ಡದು. ಮಗಳ ಮಗನಲ್ಲಿ ಅವೇ ಲಕ್ಷಣಗಳು ಕಂಡವು. ಬೆಂಗಳೂರಿನ ಖಾಸಗಿ ಶಾಲೆಯೊಂದು ‘ಬೇರೆ ಶಾಲೆ ನೋಡಿಕೊಳ್ಳಿ’ ಎಂದಿತು. ಮನೋವೈದ್ಯರು ಮಾತ್ರ ಅವಸರಪಡಲಿಲ್ಲ. ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನಿಂಗಿನಿಂದಾಗಲಿ ಇದನ್ನು ಗುರುತಿಸಲಾಗದು. ಲಕ್ಷಣಗಳು 12 ವರ್ಷ ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ತೋರಬೇಕು. ತಂದೆ ತಾಯಿ, ಶಿಕ್ಷಕರು ಪ್ರತ್ಯೇಕವಾಗಿ ಪ್ರಶ್ನಾವಳಿ ತುಂಬಿದರು. (ಗಲಾಟೆ ಮಾಡದೆ ಕನಸು ಕಾಣುತ್ತ ಕೂರುವ ಹೆಣ್ಣುಮಕ್ಕಳು ಎಷ್ಟೋ ವೇಳೆ ಯಾರ ಕಣ್ಣಿಗೂ ಬೀಳುವುದಿಲ್ಲ.) ಮೊದಲ ತಿಂಗಳುಗಳ ಪಾಠವೆಲ್ಲ ಮನೆಯ ದೊಡ್ಡವರಿಗೇ: ಒಮ್ಮೆಗೆ ಒಂದೇ ಸೂಚನೆ, ಹೋಂವರ್ಕನ್ನು ಕಾಲುಗಂಟೆಯ ತುಂಡುಗಳಾಗಿ ಒಡೆಯುವುದು, ಮೆಚ್ಚುಗೆಯನ್ನು ತಡಮಾಡದೆ ಆ ಕ್ಷಣವೇ ಹೇಳುವುದು.

ಆಮೇಲೆ ಮೀಥೈಲ್‌ಫೆನಿಡೇಟ್ ಮಾತ್ರೆ. ಮಿದುಳಿನಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್‌ಗಳ ಲಭ್ಯತೆಯನ್ನು ಹೆಚ್ಚಿಸುವ ಈ ಉತ್ತೇಜಕದ ಪರಿಣಾಮ ಸಾಮಾನ್ಯ ಮಾತ್ರೆಯಲ್ಲಿ ಸುಮಾರು 4 ಗಂಟೆ. ಹಸಿವು ತಗ್ಗುತ್ತದೆ, ನಿದ್ದೆ ತಡವಾಗಬಹುದು. ತೂಕ, ಎತ್ತರ, ರಕ್ತದೊತ್ತಡ ನೋಡುತ್ತಿರಬೇಕು. ಮೊಮ್ಮಗ ಒಂದು ಪುಟವನ್ನು ಕೊನೆಯವರೆಗೆ ಬರೆದು ಮುಗಿಸಿದ್ದನ್ನು ನಾನು ಮೊದಲು ಕಂಡದ್ದು ಆ ದಿನಗಳಲ್ಲಿ. ಎಲ್ಲ ಮಕ್ಕಳಿಗೂ ಮಾತ್ರೆ ಬೇಕೆಂದಿಲ್ಲ. ಬೇಕಾದ ಮಗುವಿಗೆ ‘ಚಟ ಹತ್ತುತ್ತದೆ’ ಎಂಬ ನೆರೆಹೊರೆಯವರ ಮಾತು ಕೇಳಿ ತಪ್ಪಿಸುವುದು ಅನ್ಯಾಯ.

ಆ ಮಾತಿಗೆ ಕಾರಣವಿಲ್ಲದಿಲ್ಲ. ಈ ಔಷಧ 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯ ಅನುಸೂಚಿಯಲ್ಲಿದೆ. ದುರುಪಯೋಗದ ಸಾಧ್ಯತೆ ಇರುವುದರಿಂದ ಬಿಗಿ ಬೇಕು, ಒಪ್ಪಿದೆ. ಆದರೆ ಚೀಟಿ ಹಿಡಿದು ಮೂರನೆಯ ಔಷಧದಂಗಡಿ ಏರುವಾಗ ನನ್ನೊಳಗಿನ ಹಳೆಯ ಅಧಿಕಾರಿಗೆ ಹೊಳೆದದ್ದು ಬೇರೆ: ಮದ್ದನ್ನು ಒಂದು ಕಾಯ್ದೆ ಹೆಸರಿಟ್ಟು ಕರೆಯುತ್ತದೆ, ಅದನ್ನು ನುಂಗುವ ಮಗುವನ್ನು ಇನ್ನೊಂದು ಕಾಯ್ದೆ ಗುರುತಿಸುವುದಿಲ್ಲ.

ಪರಿಣಾಮ ಪರೀಕ್ಷೆಯ ಕೊಠಡಿಯಲ್ಲಿ ಕಾಣುತ್ತದೆ. ಕಾಯ್ದೆಯ ಸೌಲಭ್ಯಗಳೆಲ್ಲ ನೇತಾಡುವುದು ಪ್ರಮಾಣಪತ್ರದ ಮೇಲೆ. ಎಡಿಎಚ್‌ಡಿಯೊಂದಿಗೆ ಡಿಸ್‌ಲೆಕ್ಸಿಯಾ ಕೂಡ ಇದ್ದ ಮಗು ಆ ಇನ್ನೊಂದು ಬಾಗಿಲಿನಿಂದ ಒಳಬಂದು ಹೆಚ್ಚುವರಿ ಸಮಯ ಕೇಳಬಹುದು. ಎಡಿಎಚ್‌ಡಿ ಒಂದೇ ಇದ್ದ ಮಗು, ಅದೆಷ್ಟೇ ತೀವ್ರವಾಗಿರಲಿ, ಶಾಲೆಯ ದಯೆಗೆ ಕಾಯಬೇಕು. ಅರ್ಥಶಾಸ್ತ್ರ ಓದಿದವನಾಗಿ ಹೇಳುವುದಾದರೆ, ಅರ್ಧ ಗಂಟೆಯ ಹೆಚ್ಚುವರಿ ಸಮಯಕ್ಕೆ ಬೊಕ್ಕಸದಿಂದ ಹೋಗುವುದು ಅತ್ಯಲ್ಪ. ಒಬ್ಬ ಹುಡುಗ ಹತ್ತನೆಯ ತರಗತಿಯಲ್ಲಿ ಓದು ಬಿಟ್ಟರೆ ಆಗುವ ನಷ್ಟ ಯಾವ ಆಯವ್ಯಯದಲ್ಲೂ ನಮೂದಾಗುವುದಿಲ್ಲ.

ತಿದ್ದುಪಡಿಗಾಗಿ ಸಂಸತ್ತಿನ ಅಧಿವೇಶನ ಕಾಯಬೇಕಾಗಿಯೂ ಇಲ್ಲ. 2016ರ ಕಾಯ್ದೆಯ ಅನುಸೂಚಿಯ ಕೊನೆಯ ಬಾಬು ‘ಕೇಂದ್ರ ಸರ್ಕಾರ ಅಧಿಸೂಚಿಸುವ ಇತರ ಯಾವುದೇ ವರ್ಗ’ಕ್ಕೆ ಜಾಗ ಬಿಟ್ಟಿದೆ. ಯಾರೋ ಒಬ್ಬ ವಿವೇಕಿ ಅಧಿಕಾರಿ ಮುಂದಾಲೋಚನೆಯಿಂದ ಬರೆದಿಟ್ಟ ಸಾಲು ಅದು ಎಂದು ನನ್ನ ಊಹೆ. ತೀವ್ರತೆಯನ್ನು ಅಳೆಯುವ ಮಾನದಂಡವನ್ನು ನಿಮ್ಹಾನ್ಸ್‌ನಂತಹ ಸಂಸ್ಥೆಯ ಮಕ್ಕಳ ಮನೋವೈದ್ಯರಿಂದ ಪಡೆದು, ಒಂದು ಪುಟದ ಟಿಪ್ಪಣಿ ಸಿದ್ಧಪಡಿಸಿ ಮೇಲಕ್ಕೆ ಕಳುಹಿಸಬೇಕು. ಮೊಮ್ಮಗ ಈಗ ನಾಲ್ಕನೆಯ ತರಗತಿ. ಎಸ್ಸೆಸ್ಸೆಲ್ಸಿಗೆ ಇನ್ನೂ 6 ವರ್ಷವಿದೆ.